ಒಂದು ತಾಂಡಾ, ಮೂರು ರಾಜ್ಯ: ಚಿಂಚೋಳಿಯ ಗುಳೆ ಕುಟುಂಬವೊಂದರ ಪ್ರಕರಣ ಅಧ್ಯಯನ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನ ಅಂಚಿನಲ್ಲಿ ಒಂದು ಲಂಬಾಣಿ ತಾಂಡಾ ಇದೆ. ಅಲ್ಲಿನ ಒಂದು ಕುಟುಂಬದಲ್ಲಿ ಒಡಹುಟ್ಟಿದವರು ಮೂವರು. ಅಣ್ಣ ತಾಂಡಾದಲ್ಲೇ ಉಳಿದು ಸ್ವಲ್ಪ ಹೊಲದಲ್ಲಿ ತೊಗರಿ, ಹೆಸರು ಬೆಳೆಯುತ್ತಾರೆ. ತಮ್ಮ, ಹೆಂಡತಿಯೊಂದಿಗೆ, ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುತ್ತಾರೆ. ತಂಗಿಯನ್ನು ಗಡಿಯಾಚೆಗೆ, ತೆಲಂಗಾಣದ ತಾಂಡೂರು ಕಡೆಯ ಇನ್ನೊಂದು ತಾಂಡಾಕ್ಕೆ ಕೊಟ್ಟಿದ್ದಾರೆ. ಮೂವರ ಮನೆಮಾತು ಒಂದೇ, ಕುಲದೈವ ಒಂದೇ, ಹೋಳಿಯಲ್ಲಿ ಹಾಡುವ ಹಾಡೂ ಒಂದೇ. ಆದರೆ ಸರ್ಕಾರದ ಲೆಕ್ಕದಲ್ಲಿ ಅವರು ಮೂರು ಬೇರೆ ಬೇರೆ ಬಗೆಯ ಜನ. ಈ ಅಧ್ಯಯನದಲ್ಲಿ ಅವರ ಹೆಸರನ್ನೂ ತಾಂಡಾದ ಹೆಸರನ್ನೂ ಬಿಟ್ಟಿದ್ದೇನೆ. ಚುನಾವಣೆಯ ಮಾತು ಬಂದಾಗ ಸಣ್ಣ ತಾಂಡಾದಲ್ಲಿ ಹೆಸರಿಗೆ ತೂಕ ಹೆಚ್ಚು.

ವಲಸೆ ಹೋದವರ ಸಂಸ್ಕೃತಿಯ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಅವರು ತಮ್ಮ ತನವನ್ನು ಉಳಿಸಿಕೊಂಡರೇ, ಹೋದ ಊರಿನಲ್ಲಿ ಕರಗಿದರೇ? ಈ ಕುಟುಂಬಕ್ಕೆ ಆ ಪ್ರಶ್ನೆ ಹೊಂದುವುದಿಲ್ಲ. ಇವರ ರಾಜಕೀಯ ನಿಲುವನ್ನು ರೂಪಿಸಿದ್ದು ಹಾಡು, ಉಡುಗೆ, ಭಾಷೆಗಳಿಗಿಂತ ಹೆಚ್ಚಾಗಿ ಪಟ್ಟಿಗಳು: ಮತದಾರರ ಪಟ್ಟಿ, ಜಾತಿಗಳ ಪಟ್ಟಿ, ಹಕ್ಕುಪತ್ರದ ಪಟ್ಟಿ, ಪಡಿತರದ ಪಟ್ಟಿ. ಯಾವ ಊರಿನ ಪಟ್ಟಿಯಲ್ಲಿ ಹೆಸರಿದೆಯೋ ಆ ಊರಿನಲ್ಲಿ ಅವರು ರಾಜಕೀಯವಾಗಿ ಯೋಚಿಸುತ್ತಾರೆ. ದುಡಿಯುವ ಊರಿನಲ್ಲಿ ಹೆಸರಿಲ್ಲ, ಆದ್ದರಿಂದ ಅಲ್ಲಿನ ಕಷ್ಟ ಎಷ್ಟೇ ದೊಡ್ಡದಾದರೂ ಅದು ರಾಜಕೀಯವಾಗುವುದಿಲ್ಲ. ನನ್ನ ವಾದ ಇಷ್ಟೇ. ಉಳಿದದ್ದು ಈ ವಾದಕ್ಕೆ ಈ ಕುಟುಂಬ ಒದಗಿಸುವ ವಿವರ.

ಅಜ್ಜನ ಕಾಲದ ಒಂದೇ ರಾಜ್ಯ

ಇವರ ಅಜ್ಜ ಹುಟ್ಟಿದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಆಗ ಕಲಬುರಗಿ, ಬೀದರ್, ಮರಾಠವಾಡಾ, ತೆಲಂಗಾಣ ಎಲ್ಲವೂ ಒಂದೇ ಆಡಳಿತದ ಅಡಿಯಲ್ಲಿದ್ದವು. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಊರೂರು ಸುತ್ತುತ್ತಿದ್ದ ಬಂಜಾರರ (ಲಂಬಾಣಿಗರ ಇನ್ನೊಂದು ಹೆಸರು) ವ್ಯಾಪಾರವನ್ನು ರೈಲು ಅದಾಗಲೇ ಮುಗಿಸಿತ್ತು. ಅಜ್ಜನ ತಂದೆಯ ಕಾಲದಲ್ಲೇ ಕಾಡಿನ ಅಂಚಿಗೆ ನೆಲೆ ನಿಂತಿದ್ದ ಕುಟುಂಬವಿದು. ಸಂಬಂಧ ಬೆಳೆಸಲು ತಾಂಡೂರಾದರೇನು, ಉದಗೀರವಾದರೇನು, ಗಡಿ ಎಂಬ ಮಾತೇ ಬರುತ್ತಿರಲಿಲ್ಲ.

1956ರ ನವೆಂಬರ್ 1ರಂದು ಆ ರಾಜ್ಯ ಭಾಷೆಯ ಆಧಾರದಲ್ಲಿ ಮೂರು ಪಾಲಾಯಿತು. ಕನ್ನಡ, ತೆಲುಗು, ಮರಾಠಿ ಮಾತಾಡುವವರಿಗೆ ತಮ್ಮ ತಮ್ಮ ರಾಜ್ಯ ಸಿಕ್ಕಿತು. ಮನೆಯಲ್ಲಿ ಲಂಬಾಣಿಗರ ಮಾತಾದ ಗೋರ್ ಬೋಲಿ ಆಡುವವರು ಆ ಹಂಚಿಕೆಯಲ್ಲಿ ಎಣಿಕೆಗೆ ಬರಲಿಲ್ಲ. ಅವರ ಸಂಬಂಧಗಳ ನಡುವೆ ಗೆರೆ ಹಾಯಿತು.

ಗೆರೆಯ ನಿಜವಾದ ಪರಿಣಾಮ ತಿಳಿದದ್ದು ಇಪ್ಪತ್ತು ವರ್ಷಗಳ ಮೇಲೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿಯಲ್ಲಿದ್ದ ಪ್ರಾದೇಶಿಕ ನಿರ್ಬಂಧಗಳನ್ನು ತೆಗೆದುಹಾಕುವ ಕಾಯ್ದೆ 1976ರಲ್ಲಿ ಬಂದು, 1977ರ ಜುಲೈನಲ್ಲಿ ಜಾರಿಯಾಯಿತು. ಅದಕ್ಕೂ ಮೊದಲು ಹಳೆ ಮೈಸೂರಿನ ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿದ್ದರು, ಕಲಬುರಗಿಯವರು ಇರಲಿಲ್ಲ. ಆಂಧ್ರ ಭಾಗದ ಲಂಬಾಡಿಗಳು ಪರಿಶಿಷ್ಟ ಪಂಗಡದಲ್ಲಿದ್ದರು, ತೆಲಂಗಾಣ ಭಾಗದವರು ಇರಲಿಲ್ಲ. ಒಂದೇ ಕಾಯ್ದೆ ಒಂದೇ ದಿನ ಎರಡೂ ಕಡೆ ಈ ಭೇದವನ್ನು ಅಳಿಸಿತು. ಅದೇ ದಿನ ಕಲಬುರಗಿಯವರು ಪರಿಶಿಷ್ಟ ಜಾತಿಯವರೂ ತಾಂಡೂರಿನವರು ಪರಿಶಿಷ್ಟ ಪಂಗಡದವರೂ ಆದರು. ಮಹಾರಾಷ್ಟ್ರದಲ್ಲಿ ಇವರೇ ವಿಮುಕ್ತ ಜಾತಿ ಎಂಬ ಮೂರನೆಯ ಗುಂಪಿನಲ್ಲಿ ಉಳಿದರು. ಅಲ್ಲಿ ಆ ಗುಂಪಿಗೆ ಶೇ 3ರಷ್ಟು ಮೀಸಲಾತಿ.

ಇದಕ್ಕೊಂದು ಕಟ್ಟುನಿಟ್ಟಿನ ನಿಯಮವೂ ಸೇರಿಕೊಂಡಿದೆ. ಆಂಧ್ರದಿಂದ ಮುಂಬೈಗೆ ಹೋಗಿ ನೆಲೆಸಿದ ಕುಟುಂಬದ ವಿದ್ಯಾರ್ಥಿಯೊಬ್ಬ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪರಿಶಿಷ್ಟ ಪಂಗಡದ ಸೀಟು ಕೇಳಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ ತೀರ್ಪು ಕೊಟ್ಟಿತು. ಒಂದು ರಾಜ್ಯದಲ್ಲಿ ಪರಿಶಿಷ್ಟನಾದವನು ಇನ್ನೊಂದು ರಾಜ್ಯಕ್ಕೆ ಹೋದಾಗ ಆ ಸ್ಥಾನವನ್ನು ಹೊತ್ತೊಯ್ಯಲಾರ ಎಂಬುದು ಅದರ ಸಾರ. 2018ರಲ್ಲಿ ಸಂವಿಧಾನ ಪೀಠವೂ ರಾಜ್ಯಗಳ ಸೇವೆಗಳ ಮಟ್ಟಿಗೆ ಇದೇ ನಿಲುವನ್ನು ಗಟ್ಟಿಗೊಳಿಸಿತು. ಹಿಂದುಳಿದಿರುವಿಕೆಯನ್ನು ಆಯಾ ರಾಜ್ಯದ ಸಾಮಾಜಿಕ ಸ್ಥಿತಿಗೆ ಅನುಗುಣವಾಗಿ ಅಳೆಯಬೇಕು ಎಂಬ ತರ್ಕ ಅದರ ಹಿಂದಿದೆ. ತರ್ಕ ತಪ್ಪಲ್ಲ. ಆದರೆ ವರ್ಷದಲ್ಲಿ ಎರಡು ಬಾರಿ ಗಡಿ ದಾಟುವ ಕೂಲಿಯ ಬದುಕನ್ನು ನೆನಪಿನಲ್ಲಿಟ್ಟುಕೊಂಡು ಮಾಡಿದ ತರ್ಕವೂ ಅಲ್ಲ.

ತಂಗಿ

ವಲಸೆ ಎಂದಾಗ ಕಣ್ಣ ಮುಂದೆ ಬರುವುದು ರೈಲು ನಿಲ್ದಾಣದಲ್ಲಿ ಗಂಟು ಹೊತ್ತು ನಿಂತ ಗಂಡಸು. 2011ರ ಜನಗಣತಿ ಲೆಕ್ಕ ಹಾಕಿದ ಸುಮಾರು 45 ಕೋಟಿ ವಲಸಿಗರಲ್ಲಿ ಬಹುಪಾಲು ಹೆಂಗಸರು, ಅವರಲ್ಲಿ ಬಹುಪಾಲಿನವರ ವಲಸೆಗೆ ಕಾರಣ ಮದುವೆ. ಅವರನ್ನು ಯಾರೂ ವಲಸಿಗರೆಂದು ಕರೆಯುವುದಿಲ್ಲ. ಈ ತಂಗಿಯೂ ತನ್ನನ್ನು ಹಾಗೆ ಕರೆದುಕೊಳ್ಳುವುದಿಲ್ಲ.

ಗಡಿಯ ಎರಡೂ ಕಡೆ ನೆಲ ಒಂದೇ ಬಗೆಯದು. ಅಡಿಯಲ್ಲಿ ಅದೇ ಶಹಾಬಾದ್ ಕಲ್ಲು, ಮೇಲೆ ಅದೇ ತೊಗರಿ. ಆ ತೊಗರಿಗೂ ಎರಡು ಗುರುತು ಸಿಕ್ಕಿವೆ: 2019ರಲ್ಲಿ ಕಲಬುರಗಿ ತೊಗರಿಗೆ, 2022ರಲ್ಲಿ ತಾಂಡೂರು ತೊಗರಿಗೆ ಪ್ರತ್ಯೇಕ ಭೌಗೋಳಿಕ ಸೂಚಿ ಮಾನ್ಯತೆ ದೊರೆಯಿತು. ಗಂಡನ ಮನೆಯಲ್ಲಿ ಅವರು ಹೊಸದಾಗಿ ಕಲಿಯಬೇಕಾದದ್ದು ತೆಲುಗು ಮಾತ್ರ, ಅದೂ ಅಂಗಡಿಯ ಮಟ್ಟಿಗೆ.

ರಾಜಕೀಯ ಮಾತ್ರ ಬೇರೆಯಾಗಿತ್ತು. 2018ರಲ್ಲಿ ತೆಲಂಗಾಣ ಸರ್ಕಾರ ಹೊಸ ಪಂಚಾಯತ್ ರಾಜ್ ಕಾಯ್ದೆ ತಂದು, ಐನೂರಕ್ಕಿಂತ ಹೆಚ್ಚು ಜನರಿರುವ ತಾಂಡಾಗಳನ್ನು ಸ್ವತಂತ್ರ ಗ್ರಾಮ ಪಂಚಾಯಿತಿಗಳನ್ನಾಗಿ ಮಾಡಿತು. ದೊಡ್ಡ ಊರಿನ ಬಾಲವಾಗಿದ್ದ ತಾಂಡಾಕ್ಕೆ ತನ್ನದೇ ಸರಪಂಚರು ಬಂದರು. 2019ರ ಜನವರಿಯ ಚುನಾವಣೆಗೆ ಮುನ್ನ ತಂಗಿಯ ಗಂಡನ ಮನೆಯವರು ಒಂದು ಆಲೋಚನೆ ಮಾಡಿದರು. ಸೊಸೆ ಎಸ್ಎಸ್ಎಲ್‌ಸಿ ಓದಿದ್ದಾಳೆ, ಲೆಕ್ಕಪತ್ರ ಬಲ್ಲಳು, ಧೈರ್ಯವಾಗಿ ಮಾತಾಡುತ್ತಾಳೆ, ಅವಳನ್ನೇ ನಿಲ್ಲಿಸೋಣ. ಸ್ಥಾನ ಪರಿಶಿಷ್ಟ ಪಂಗಡದ ಮಹಿಳೆಗೆ ಮೀಸಲಾಗಿತ್ತು. ಜಾತಿ ಪ್ರಮಾಣಪತ್ರ ಕೇಳಿದಾಗ ತೊಡಕು ಹೊರಬಿತ್ತು. ಜಾತಿ ಹುಟ್ಟಿನಿಂದ ಬರುತ್ತದೆ, ಮದುವೆಯಿಂದಲ್ಲ. ಅವರು ಹುಟ್ಟಿದ್ದು ಕರ್ನಾಟಕದಲ್ಲಿ, ಪರಿಶಿಷ್ಟ ಜಾತಿಯವರಾಗಿ. ತೆಲಂಗಾಣದಲ್ಲಿ ಲಂಬಾಣಿ ಎಂಬುದು ಪರಿಶಿಷ್ಟ ಜಾತಿಯೇ ಅಲ್ಲ. ಅವರ ಗಂಡ ಪರಿಶಿಷ್ಟ ಪಂಗಡ, ಮಕ್ಕಳಿಬ್ಬರೂ ಪರಿಶಿಷ್ಟ ಪಂಗಡ; ಅದೇ ಮನೆಯಲ್ಲಿ, ಅದೇ ಭಾಷೆಯಾಡುವ ತಾಯಿ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಕೊನೆಗೆ ಬೇರೊಬ್ಬರು ನಿಂತು ಗೆದ್ದರು.

ಈ ಘಟನೆ ಅವರನ್ನು ರಾಜಕೀಯದಿಂದ ದೂರ ಸರಿಸಲಿಲ್ಲ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಅವರು ತಾಂಡಾದ ಮಹಿಳಾ ಸ್ವಸಹಾಯ ಗುಂಪನ್ನು ನಡೆಸುತ್ತಾರೆ. ಪಂಚಾಯಿತಿಯ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಆದರೆ ಪಕ್ಷಗಳ ಬಗ್ಗೆ ಅವರಿಗೆ ಅಣ್ಣನಿಗಿರುವ ಬಿಸಿ ಇಲ್ಲ. ಅವರ ಚಿಂತೆಯೆಲ್ಲ ಮಕ್ಕಳ ಪಂಗಡದ ಸ್ಥಾನಮಾನದ ಸುತ್ತ ತಿರುಗುತ್ತದೆ. ಅದಕ್ಕೆ ಕಾರಣವೂ ಇದೆ. 2017ರ ಕೊನೆಯಲ್ಲಿ ಆದಿಲಾಬಾದ್ ಕಡೆಯ ಗೊಂಡ ಮತ್ತಿತರ ಆದಿವಾಸಿಗಳು ಲಂಬಾಡಿಗಳನ್ನು ಪರಿಶಿಷ್ಟ ಪಂಗಡದಿಂದ ಕೈಬಿಡಬೇಕೆಂದು ದೊಡ್ಡ ಹೋರಾಟ ಮಾಡಿದರು. 1976ರ ನಂತರ ಮಹಾರಾಷ್ಟ್ರದಿಂದ ವಲಸೆ ಬಂದವರು ತಮ್ಮ ಪಾಲನ್ನು ತಿನ್ನುತ್ತಿದ್ದಾರೆ ಎಂಬುದು ಅವರ ದೂರು. ಕಾಡನ್ನೂ ಭೂಮಿಯನ್ನೂ ಕಳೆದುಕೊಂಡ ಗೊಂಡರ ಆತಂಕ ಸುಳ್ಳಲ್ಲ. ಆದರೆ ವಲಸಿಗರು ಎಂಬ ಮಾತು ಹೀಗೆ ಬೀಸಿ ಬಂದಾಗ ಅದು ತಲೆಮಾರುಗಳಿಂದ ಅಲ್ಲೇ ಇದ್ದ ಕುಟುಂಬಗಳಿಗೂ ತಗಲುತ್ತದೆ. ಕರ್ನಾಟಕದಿಂದ ಬಂದ ಸೊಸೆಗೆ ಅದು ಎಲ್ಲರಿಗಿಂತ ಹತ್ತಿರದಿಂದ ಕೇಳಿಸಿತು. ತವರಿನ ನಂಟನ್ನು ಹೊರಗಿನವರೆದುರು ಎತ್ತಿ ಹೇಳುವುದನ್ನು ಅವರು ಅಂದಿನಿಂದ ಕಡಿಮೆ ಮಾಡಿದ್ದಾರೆ.

ತಮ್ಮ

ಈ ಪ್ರಕರಣದ ಹೃದಯ ಪುಣೆಯಲ್ಲಿದೆ.

ತಮ್ಮ ಮೊದಲು ಹೋದದ್ದು ಕಬ್ಬು ಕಡಿಯಲು. ಕೂಲಿಗಳನ್ನು ಕರೆದೊಯ್ಯುವ ಮೇಸ್ತ್ರಿಯಾದ ಮುಕಾದಮನಿಂದ ಮುಂಗಡ ಪಡೆದು, ಗಂಡ ಹೆಂಡತಿ ಸೇರಿ ಒಂದು ಕೋಯ್ತಾ (ಕುಡುಗೋಲು) ಎಂಬ ಲೆಕ್ಕದಲ್ಲಿ, ದೀಪಾವಳಿಯ ಸುಮಾರಿಗೆ ಪಶ್ಚಿಮ ಮಹಾರಾಷ್ಟ್ರಕ್ಕೆ ಹೋಗಿ ಬೇಸಿಗೆಗೆ ಮರಳುವ ಗುಳೆ ಅದು. ಮುಂಗಡ ತೀರದೆ ಉಳಿದ ಒಂದು ವರ್ಷದ ನಂತರ ಅವರು ಕಬ್ಬನ್ನು ಬಿಟ್ಟು ಪುಣೆಯ ಕಟ್ಟಡ ಕೆಲಸಕ್ಕೆ ಹೊಂದಿಕೊಂಡರು. ಬೆಳಿಗ್ಗೆ ಕೂಲಿಗಾರರು ಸೇರುವ ನಾಕಾದಲ್ಲಿ ನಿಲ್ಲುವುದು, ಕರೆದವರ ಹಿಂದೆ ಹೋಗುವುದು. ದೊಡ್ಡ ಕೆಲಸ ಸಿಕ್ಕರೆ ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ.

ಆ ಶೆಡ್ಡುಗಳಲ್ಲಿ ಅವರ ಲಂಬಾಣಿತನ ಕುಂದಲಿಲ್ಲ, ಹಿಗ್ಗಿತು. ತಾಂಡಾದಲ್ಲಿದ್ದಾಗ ಅವರಿಗೆ ಗೋರ್ (ಲಂಬಾಣಿಗರು ತಮ್ಮನ್ನು ಕರೆದುಕೊಳ್ಳುವ ಹೆಸರು) ಎಂದರೆ ಸುತ್ತಲಿನ ಹತ್ತು ಹದಿನೈದು ತಾಂಡಾಗಳ ಬಳಗ. ಪುಣೆಯಲ್ಲಿ ಬೀಡ್, ಯವತಮಾಳ, ನಾಂದೇಡ ಕಡೆಯ ರಾಠೋಡರು, ಚವ್ಹಾಣರು, ಪವಾರರು ಸಿಕ್ಕರು. ಮಾತು ಅರ್ಥವಾಯಿತು. ವಾಶೀಮ ಜಿಲ್ಲೆಯಲ್ಲಿರುವ ಬಂಜಾರರ ಯಾತ್ರಾಸ್ಥಳ ಪೋಹರಾದೇವಿಗೆ ಅವರೊಂದಿಗೆ ಹೋಗಿ ಬಂದರು. ಫೆಬ್ರುವರಿ 15ರಂದು ಬಂಜಾರರ ಸಂತ ಸೇವಾಲಾಲರ ಜಯಂತಿಯಲ್ಲಿ ಬಿಳಿ ಬಾವುಟ ಹಿಡಿದು ನಡೆದರು. 1963ರಿಂದ 1975ರವರೆಗೆ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ವಸಂತರಾವ್ ನಾಯಕ್ ಬಂಜಾರರು ಎಂಬುದು ಅವರಿಗೆ ಗೊತ್ತಾದದ್ದು ಪುಣೆಯಲ್ಲಿಯೇ. ತನ್ನ ಜನ ರಾಜ್ಯ ಆಳಿದ್ದರು ಎಂಬ ತಿಳಿವಳಿಕೆ ಒಬ್ಬ ಕೂಲಿಯ ಬೆನ್ನನ್ನು ಎಷ್ಟು ನೇರ ಮಾಡುತ್ತದೆ ಎಂಬುದನ್ನು ಅವರ ಮಾತಿನಲ್ಲಿ ಕಂಡಿದ್ದೇನೆ. ಇಂದು ತಾಂಡಾದ ಮೊಬೈಲ್ ಗುಂಪಿನಲ್ಲಿ ಸೇವಾಲಾಲರ ಭಜನೆ, ಭಾಷಣ, ಜಾಥಾದ ಚಿತ್ರಗಳನ್ನು ಅತಿ ಹೆಚ್ಚು ಕಳಿಸುವವರು ಅವರೇ. ಊರಿನಲ್ಲಿ ಉಳಿದವರಿಗಿಂತ ಹೊರಗೆ ಹೋದವರಲ್ಲಿಯೇ ಸಮುದಾಯದ ಅರಿವು ಹೆಚ್ಚು ಚುರುಕಾಗಿದೆ.

ಹೆಂಡತಿಯ ಅನುಭವ ಹೀಗಿಲ್ಲ. ಅತ್ತೆ ತಾಂಡಾದಲ್ಲಿ ಇಂದಿಗೂ ಕನ್ನಡಿ ಹೊಲಿದ ಫೇಟಿಯಾ, ಕಾಂಚಳಿ ತೊಡುತ್ತಾರೆ. ಸೊಸೆ ಕೆಲಸದ ಜಾಗದಲ್ಲಿ ಸೀರೆಯ ಮೇಲೆ ಗಂಡಸರ ಅಂಗಿ ಹಾಕಿಕೊಂಡು ಸಿಮೆಂಟು ಹೊರುತ್ತಾರೆ. ಶ್ರಾವಣದ ತೀಜ್‌ಗೆ ಗೋಧಿ ಮೊಳಕೆ ಹಾಕಲು ಶೆಡ್ಡಿನಲ್ಲಿ ಜಾಗವಿಲ್ಲ, ಹಾಡಲು ಹುಡುಗಿಯರ ಗುಂಪಿಲ್ಲ. ಗಂಡನಿಗೆ ನಗರದಲ್ಲಿ ಸಿಕ್ಕ ಬಳಗ ಅವರಿಗೆ ಸಿಕ್ಕಿಲ್ಲ. ಸಂಸ್ಕೃತಿ ಉಳಿಯಿತೇ ಎಂದು ಗಂಡಸರನ್ನು ಮಾತ್ರ ಕೇಳಿ ಬರೆದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ.

ಪುಣೆ ಅವರನ್ನು ಇನ್ನೊಂದು ಗುರುತಿಗೂ ತಳ್ಳಿತು. 2022ರ ಡಿಸೆಂಬರ್‌ನಲ್ಲಿ ಬೆಳಗಾವಿ ಗಡಿ ವಿವಾದ ಕಾವೇರಿದಾಗ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು, ಸಂಚಾರವೂ ಕೆಲ ಕಾಲ ವ್ಯತ್ಯಯಗೊಂಡಿತು. ಶೆಡ್ಡಿನ ಮಂದಿ ಆ ದಿನಗಳಲ್ಲಿ ಹೊರಗೆ ಕನ್ನಡ ಮಾತಾಡುವುದನ್ನು ತಪ್ಪಿಸಿದರು. ಮನೆಯಲ್ಲಿ ಎಂದೂ ಕನ್ನಡ ಆಡದ ಈ ಮನುಷ್ಯ ಅಲ್ಲಿ ಕನ್ನಡಿಗನೆಂದು ಅಂಜಬೇಕಾಯಿತು. ಅದೇ ಅಂಜಿಕೆಯಿಂದ ಅವರಲ್ಲಿ ಕರ್ನಾಟಕದ ಅಭಿಮಾನವೂ ಹುಟ್ಟಿತು. ಊರಿನಲ್ಲಿ ಕನ್ನಡದ ಸಭೆಗಳಿಗೆ ತಾಂಡಾದವರನ್ನು ಕರೆಯುವವರು ಕಡಿಮೆ. ಪುಣೆಯಲ್ಲಿ ರಾಜ್ಯೋತ್ಸವಕ್ಕೆ ಕನ್ನಡಿಗರ ಸಂಘದವರು ಕರೆದಾಗ ಇವರು ಹೋಗಿ ಕುರ್ಚಿ ಹಾಕಿದರು, ಊಟ ಬಡಿಸಿದರು.

ಆದರೆ ಇದಕ್ಕಿಂತ ಮೊದಲೇ ಸ್ವಂತ ಜಿಲ್ಲೆ ಅವರನ್ನು ಹೊರಗಿನವರನ್ನಾಗಿ ನೋಡಿತ್ತು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಸಂಭವಿಸಿದ್ದು ಕಲಬುರಗಿಯಲ್ಲಿ. ಜನ ಮೊದಲೇ ಬೆದರಿದ್ದರು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಗುಳೆಯವರು ಮರಳತೊಡಗಿದಾಗ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಸೋಂಕಿನ ಸಂಖ್ಯೆ ಏರಿತು. ಮಹಾರಾಷ್ಟ್ರವೂ ಸೇರಿದಂತೆ ಕೆಲವು ರಾಜ್ಯಗಳಿಂದ ಬರುವವರಿಗೆ ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ಪ್ರವೇಶವನ್ನೇ ತಡೆಯಿತು. ಈ ದಂಪತಿ ಶಾಲೆಯೊಂದರ ಕೋಣೆಯಲ್ಲಿ ಕ್ವಾರಂಟೈನ್ ಮುಗಿಸಿ ಹೊರಬಂದ ಮೇಲೂ ತಾಂಡಾದ ಬಾವಿಯ ಬಳಿ ಜನ ಅವರಿಂದ ದೂರ ಸರಿಯುತ್ತಿದ್ದರು. ಪುಣೆಯವರು ಬಂದರು ಎಂದು ತನ್ನದೇ ಚಿಕ್ಕಪ್ಪ ಹೇಳಿದ್ದನ್ನು ಅವರು ಮರೆತಿಲ್ಲ.

ಈಗ ರಾಜಕೀಯಕ್ಕೆ ಬರೋಣ. ಪುಣೆಯಲ್ಲಿ ಅವರ ತಕರಾರುಗಳು ಕಡಿಮೆಯೇನಲ್ಲ. ಕೂಲಿ ಬಾಕಿ ಉಳಿಯುತ್ತದೆ. ಶೆಡ್ಡಿಗೆ ನೀರು ಬರುವುದು ಟ್ಯಾಂಕರಿನಿಂದ. ಒಮ್ಮೆ ಮೇಲಿನಿಂದ ಬಿದ್ದ ಜೊತೆಗಾರನ ಚಿಕಿತ್ಸೆಗೆ ಗುತ್ತಿಗೆದಾರ ಕೊಟ್ಟದ್ದು ಮೊದಲ ದಿನದ ಖರ್ಚು ಮಾತ್ರ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಲ್ಲೇ ಬಂದಿತ್ತು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳ ಕಾಯ್ದೆ 1996ರಲ್ಲಿ ಬಂದಿತ್ತು; 2025ರ ನವೆಂಬರ್‌ನಲ್ಲಿ ಎರಡರ ಜಾಗಕ್ಕೂ ಹೊಸ ಕಾರ್ಮಿಕ ಸಂಹಿತೆಗಳು ಬಂದವು. ಮಂಡಳಿಗಳು ಆಯಾ ರಾಜ್ಯದವು. ನೋಂದಣಿಗೆ ಹಿಂದಿನ ವರ್ಷದಲ್ಲಿ 90 ದಿನ ದುಡಿದ ಪ್ರಮಾಣ ಬೇಕು. ಐದಾರು ಗುತ್ತಿಗೆದಾರರ ಕೈ ಬದಲಿಸಿದವರಿಗೆ ಆ ಪ್ರಮಾಣ ಬರೆದುಕೊಡುವವರು ಯಾರು? ಇಷ್ಟಾದರೂ ಪುಣೆಯ ನಗರಸೇವಕರ ಹೆಸರು ಅವರಿಗೆ ಗೊತ್ತಿಲ್ಲ. ತಕರಾರು ಹೇಳಿಕೊಳ್ಳುವುದು ಮುಕಾದಮನ ಬಳಿ, ಅವನೂ ಚಿಂಚೋಳಿಯವನೇ. ಮತ ಇಲ್ಲದ ಕಡೆ ಬೇಡಿಕೆಯು ಬೇಡಿಕೆಯಾಗಿ ಉಳಿಯುವುದಿಲ್ಲ, ವಿನಂತಿಯಾಗುತ್ತದೆ.

ಪುಣೆಯಲ್ಲಿ ಮತದಾರನಾಗಲು ಅವರಿಗೆ ಕಾನೂನಿನ ಅಡ್ಡಿಯಿಲ್ಲ. ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ ಹೆಸರು ನೋಂದಾಯಿಸಬಹುದು ಎಂದು 1950ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಎರಡು ಕಡೆ ಹೆಸರಿರಬಾರದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಅವರು ಹೆಸರನ್ನು ವರ್ಗಾಯಿಸಿಲ್ಲ, ವರ್ಗಾಯಿಸುವುದೂ ಇಲ್ಲ. ಊರಿನ ಪಟ್ಟಿಯಿಂದ ಹೆಸರು ಹೋದರೆ ಅದರ ಬೆನ್ನಿಗೆ ಮನೆ, ಪಡಿತರ, ಹೆಂಡತಿಯ ಖಾತೆಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿ, ಮಕ್ಕಳ ಜಾತಿ ಪ್ರಮಾಣಪತ್ರ ಎಲ್ಲವೂ ಹೋಗುತ್ತವೆ ಎಂಬುದು ಅವರ ಭಯ. ಕಾನೂನಿನ ಪುಸ್ತಕದಲ್ಲಿ ಇವೆಲ್ಲ ಬೇರೆ ಬೇರೆ. ಕಚೇರಿಯ ಕಿಟಕಿಯಲ್ಲಿ ಬೇರೆ ಬೇರೆಯಲ್ಲ, ಒಂದು ಕಾಗದ ಕೊಡಲು ಇನ್ನೊಂದನ್ನು ಕೇಳುತ್ತಾರೆ. ಅವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವವರು ಒಮ್ಮೆ ಆ ಕಿಟಕಿಯ ಮುಂದೆ ನಿಂತು ನೋಡಬೇಕು.

ಹೆಸರು ಅಳಿಸಿಹೋಗುವ ಭಯಕ್ಕೆ ಜಿಲ್ಲೆಯಲ್ಲೇ ಉದಾಹರಣೆ ಇದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಲು 6,018 ಅರ್ಜಿಗಳು ಸಲ್ಲಿಕೆಯಾಗಿದ್ದವು. ಪರಿಶೀಲಿಸಿದಾಗ ಸರಿಯೆಂದು ಕಂಡದ್ದು 24 ಮಾತ್ರ. ಅಲ್ಲಿ ಅಧಿಕಾರಿಗಳು ಮನೆ ಮನೆಗೆ ಹೋಗಿ ನೋಡಿದ್ದರಿಂದ ಹೆಸರುಗಳು ಉಳಿದವು. ಬಾಗಿಲಿಗೆ ಬೀಗ ಹಾಕಿ ಪುಣೆಗೆ ಹೋದವರ ಮನೆಯ ಮುಂದೆ ಅದೇ ಅಧಿಕಾರಿ ನಿಂತಿದ್ದರೆ ಉತ್ತರ ಕೊಡುವವರು ಯಾರಿದ್ದರು?

ಚುನಾವಣಾ ಆಯೋಗಕ್ಕೆ ಈ ಸಮಸ್ಯೆ ಹೊಸದಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಮತದಾನ ಶೇ 67.4ಕ್ಕೆ ನಿಂತದ್ದನ್ನೂ ಸುಮಾರು 30 ಕೋಟಿ ಮತದಾರರು ಹೊರಗುಳಿದದ್ದನ್ನೂ ಮುಂದಿಟ್ಟು, ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳವರೆಗೆ ಮತ ಹಾಕಬಹುದಾದ ದೂರ ಮತಯಂತ್ರದ ಮಾದರಿಯನ್ನು ಅದು 2023ರ ಜನವರಿಯಲ್ಲಿ ಪಕ್ಷಗಳ ಮುಂದೆ ತಂದಿತು. ಪಕ್ಷಗಳ ಆಕ್ಷೇಪಗಳ ನಡುವೆ ಅದು ಮುಂದಕ್ಕೆ ಹೋಗಲಿಲ್ಲ. ಪಡಿತರ ಚೀಟಿ ಈಗ ಯಾವ ರಾಜ್ಯದಲ್ಲಾದರೂ ನಡೆಯುತ್ತದೆ. ಪುಣೆಯ ನ್ಯಾಯಬೆಲೆ ಅಂಗಡಿಯಲ್ಲಿ ಈ ಕುಟುಂಬ ಹೆಬ್ಬೆಟ್ಟೊತ್ತಿ ಧಾನ್ಯ ಪಡೆದಿದೆ. ಅದೇ ಬೆರಳಿಗೆ ಮತದ ಶಾಯಿ ಹಚ್ಚಿಸಿಕೊಳ್ಳಲು ಮಾತ್ರ ರಾತ್ರಿಯ ಬಸ್ಸು ಹಿಡಿಯಬೇಕು.

ಆ ಬಸ್ಸಿನ ಖರ್ಚನ್ನು ಯಾರು ಕೊಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಪುಕ್ಕಟೆ ಬಸ್ಸು ಹತ್ತಿದವರ ಮತ ಬಸ್ಸಿನವರಿಗೇ ಎಂದು ತಿಳಿಯುವುದು ತಪ್ಪು. 2020ರ ಡಿಸೆಂಬರ್‌ನ ಪಂಚಾಯಿತಿ ಚುನಾವಣೆಗೆ ಅವರು ಸ್ವಂತ ದುಡ್ಡು ಹಾಕಿ ಬಂದರು, ಕೂಲಿಯನ್ನೂ ಬಿಟ್ಟರು. ಪಂಚಾಯಿತಿಯೆಂದರೆ ಮನೆ ಹಂಚುವವರು, ನಳ ಹಾಕಿಸುವವರು, ಹೆಸರು ಬರೆಸುವವರು. ದೂರ ಇರುವವರಿಗೆ ಹತ್ತಿರದ ಸರ್ಕಾರವೇ ಹೆಚ್ಚು ಮುಖ್ಯ.

ಅಣ್ಣ, ಮತ್ತು ಅದೇ ಶೆಡ್ಡಿನ ನೆರೆಯವರು

ಅಣ್ಣನ ರಾಜಕೀಯ ಗಟ್ಟಿ ದನಿಯದು. ಅದನ್ನು ರೂಪಿಸಿದ ಎರಡು ಸಂಗತಿಗಳಲ್ಲಿ ಮೊದಲನೆಯದು ಹಕ್ಕುಪತ್ರ. ತಾಂಡಾಗಳು ಬಹುಕಾಲ ಕಂದಾಯ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. ತಲೆಮಾರುಗಳಿಂದ ನಿಂತ ಮನೆಯ ಅಡಿಯ ನೆಲ ಸರ್ಕಾರದ್ದೋ ಬೇರೊಬ್ಬರದ್ದೋ ಆಗಿತ್ತು. ಭೂ ಸುಧಾರಣಾ ಕಾಯ್ದೆಗೆ ಕಾಂಗ್ರೆಸ್ ಸರ್ಕಾರ ತಂದ ತಿದ್ದುಪಡಿಯಿಂದ ದಾರಿ ತೆರೆಯಿತು. ಬಿಜೆಪಿ ಸರ್ಕಾರದ ಅವಧಿಯಲ್ಲಿ, 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಹಕ್ಕುಪತ್ರ ವಿತರಿಸಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ವಸತಿಗಳು ಕಂದಾಯ ಗ್ರಾಮಗಳಾಗಿದ್ದವು, ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಪತ್ರ ದೊರೆಯಿತು. ಶ್ರೇಯಸ್ಸಿಗಾಗಿ ಎರಡೂ ಪಕ್ಷಗಳು ಕಾದಾಡಿದವು. ಅಣ್ಣನಿಗೆ ಆ ಜಗಳದಲ್ಲಿ ಆಸಕ್ತಿಯಿಲ್ಲ, ಕಾಗದ ಕೈಗೆ ಬಂದದ್ದೇ ದೊಡ್ಡದು. ಆದರೆ ಮನೆಗಳ ಅಳತೆ ನಡೆದಾಗ ತಮ್ಮ ಪುಣೆಯಲ್ಲಿದ್ದರು. ಪತ್ರ ಅಣ್ಣನ ಹೆಸರಿಗೆ ಮಾತ್ರ ಆಯಿತು. ಒಂದೇ ಗೋಡೆಯ ಎರಡು ಮನೆಗಳಲ್ಲಿ ಒಂದಕ್ಕೆ ಹಕ್ಕಿದೆ, ಇನ್ನೊಂದಕ್ಕೆ ಇಲ್ಲ. ಅಣ್ಣ ತಮ್ಮಂದಿರ ನಡುವೆ ಇಂದಿಗೂ ಆಡದೆ ಉಳಿದ ಮಾತು ಇದು.

ಎರಡನೆಯದು ಒಳಮೀಸಲಾತಿ. 2023ರ ಮಾರ್ಚ್‌ನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಹಂಚಿ ಲಂಬಾಣಿ, ಭೋವಿ, ಕೊರಚ, ಕೊರಮ ಗುಂಪಿಗೆ ಶೇ 4.5 ಎಂದಾಗ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮನೆಗೆ ಕಲ್ಲು ಬಿದ್ದವು. 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪು ಒಳವರ್ಗೀಕರಣದ ದಾರಿಯನ್ನು ತೆರವುಗೊಳಿಸಿತು. ನಾಗಮೋಹನ ದಾಸ್ ಆಯೋಗದ ವರದಿಯ ನಂತರ 2025ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಎಡಗೈಗೆ (ಮಾದಿಗ ಮತ್ತಿತರರು) ಶೇ 6, ಬಲಗೈಗೆ (ಹೊಲೆಯ ಮತ್ತಿತರರು) ಶೇ 6, ಲಂಬಾಣಿ ಮತ್ತಿತರರೊಂದಿಗೆ ಅಲೆಮಾರಿಗಳನ್ನೂ ಸೇರಿಸಿ ಶೇ 5 ಎಂದು ನಿರ್ಧರಿಸಿತು. ಇದು ಲಂಬಾಣಿಗರ ಪಾಲನ್ನು ಕಿತ್ತುಕೊಂಡಂತೆ ಎಂದು ಅಣ್ಣ ನಂಬಿದ್ದಾರೆ.

ಅವರ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಮಾದಿಗರು ದಶಕಗಳಿಂದ ಕೇಳುತ್ತಿರುವ ಪಾಲು ನ್ಯಾಯದ್ದು, ಅದು ತಡವಾಗಿ ಬಂದಿದೆ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ವಿವರವೂ ಇಲ್ಲಿದೆ. ಪುಣೆಯಲ್ಲಿ ತಮ್ಮನ ಶೆಡ್ಡಿನ ಪಕ್ಕದ ಶೆಡ್ಡಿನಲ್ಲಿರುವುದು ಅದೇ ಹೋಬಳಿಯ ಮಾದಿಗ ಕುಟುಂಬ. ಎರಡೂ ಮನೆಯವರು ಒಂದೇ ಬಸ್ಸಿನಲ್ಲಿ ಹೋದವರು, ಒಂದೇ ಮುಕಾದಮನ ಕೈಕೆಳಗೆ ಒಂದೇ ಕೂಲಿಗೆ ದುಡಿಯುವವರು. ಬಾಕಿ ಕೂಲಿಗಾಗಿ ಒಮ್ಮೆ ಇಬ್ಬರೂ ಸೇರಿ ಕೆಲಸ ನಿಲ್ಲಿಸಿ ಹಣ ವಸೂಲು ಮಾಡಿದ್ದಾರೆ. ಆ ಒಗ್ಗಟ್ಟಿಗೆ ಪುಣೆಯಲ್ಲಿ ಮತಪೆಟ್ಟಿಗೆ ಇಲ್ಲ. ಮತಪೆಟ್ಟಿಗೆ ಇರುವುದು ಚಿಂಚೋಳಿಯಲ್ಲಿ, ಅಲ್ಲಿ ಇಳಿದ ಕೂಡಲೇ ಇಬ್ಬರೂ ಎದುರುಬದುರು ಗುಂಪಿನವರು. ಕೂಲಿಯ ಗೆಳೆತನ ಮಹಾರಾಷ್ಟ್ರದಲ್ಲಿ ಉಳಿಯುತ್ತದೆ, ಮೀಸಲಾತಿಯ ವೈರ ಮಾತ್ರ ಮತಗಟ್ಟೆಗೆ ಬರುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಮರಾಠವಾಡಾದ ಬಂಜಾರರು ನಿಜಾಮರ ಕಾಲದ ಹೈದರಾಬಾದ್ ಗೆಜೆಟ್‌ನ ಆಧಾರದ ಮೇಲೆ ಪರಿಶಿಷ್ಟ ಪಂಗಡದ ಸ್ಥಾನ ಕೇಳಿ ದೊಡ್ಡ ಮೆರವಣಿಗೆಗಳನ್ನು ಮಾಡಿದಾಗ ತಮ್ಮನ ಪುಣೆಯ ಗೆಳೆಯರು ಹೊರಟು ನಿಂತರು. ಆ ಗೆಜೆಟ್ ಯಾವ ರಾಜ್ಯದ್ದೋ ಅದೇ ರಾಜ್ಯದಲ್ಲಿ ಇವರ ಅಜ್ಜನೂ ಇದ್ದರು. ಆದರೂ ಆ ಬೇಡಿಕೆ ಗೆದ್ದರೆ ಇವರಿಗೆ ಏನೂ ಸಿಗುವುದಿಲ್ಲ, ಸೋತರೆ ಏನೂ ಹೋಗುವುದಿಲ್ಲ. ಅವರು ಹೋಗಲಿಲ್ಲ. ಸೇವಾಲಾಲ್ ಜಯಂತಿಗೆ ಒಂದಾದವರು ಮೀಸಲಾತಿಯ ಮೆರವಣಿಗೆಯಲ್ಲಿ ರಾಜ್ಯದ ಗಡಿಗೆ ಬಂದು ನಿಂತರು.

ಮತ ಯಾರಿಗೆ ಹಾಕಿದಿರಿ ಎಂದು ನಾನು ಈ ಮನೆಯಲ್ಲಿ ಯಾರನ್ನೂ ಕೇಳಿಲ್ಲ. ಯಾವುದಕ್ಕಾಗಿ ಹಾಕಿದಿರಿ ಎಂದು ಕೇಳಿದ್ದೇನೆ. 2019ರಲ್ಲಿ ಲಂಬಾಣಿ ಸಮುದಾಯದ, ಬಿಜೆಪಿಯ ಉಮೇಶ ಜಾಧವ್ ಗುಲಬರ್ಗಾ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಮಲ್ಲಿಕಾರ್ಜುನ ಖರ್ಗೆಯವರನ್ನು ಸೋಲಿಸಿದಾಗ ತಾಂಡಾದಲ್ಲಿ ಹಬ್ಬವಾಗಿತ್ತು ಎಂದು ಅಣ್ಣ ಹೇಳುತ್ತಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಚಿಂಚೋಳಿಯಿಂದ ಅವರ ಮಗ ಅವಿನಾಶ ಜಾಧವ್ ಗೆದ್ದದ್ದು 858 ಮತಗಳಿಂದ. ಪುಣೆ, ಮುಂಬೈ, ಹೈದರಾಬಾದ್‌ಗಳಿಂದ ಬಂದ ಎರಡು ಮೂರು ಡಜನ್ ಬಸ್ಸುಗಳ ಜನರಷ್ಟೇ ಅದು. ಗುಳೆಯವರ ತೂಕ ಏನೆಂದು ಅಂದು ಪಕ್ಷಗಳಿಗೂ ತಿಳಿಯಿತು, ಗುಳೆಯವರಿಗೂ ತಿಳಿಯಿತು. 2024ರಲ್ಲಿ ಲೋಕಸಭಾ ಸ್ಥಾನ ಮತ್ತೆ ಕಾಂಗ್ರೆಸ್ಸಿಗೆ, ರಾಧಾಕೃಷ್ಣ ದೊಡ್ಡಮನಿಯವರಿಗೆ ಹೋಯಿತು. ಆ ಸಲ ಮನೆಯಲ್ಲಿ ಒಮ್ಮತ ಇರಲಿಲ್ಲ. ಗೃಹಲಕ್ಷ್ಮಿಯ ಹಣ ಪಡೆಯುವ ಸೊಸೆಯಂದಿರ ಮಾತು ಒಂದು ಕಡೆ, ಗಂಡಸರ ಮಾತು ಇನ್ನೊಂದು ಕಡೆ. ತಾಂಡಾದ ನಾಯಕ ಮತ್ತು ಕಾರಭಾರಿ ಕೂತು ಇಂಥವರಿಗೆ ಎಂದು ಹೇಳಿದರೆ ಇಡೀ ತಾಂಡಾ ನಡೆಯುತ್ತಿದ್ದ ಕಾಲ ಹೋಗಿದೆ. ಅದನ್ನು ಕೊನೆಗಾಣಿಸಿದ್ದರಲ್ಲಿ ಹೊರಗಿನ ದುಡಿಮೆಯ ಪಾಲು ದೊಡ್ಡದು. ನಾಯಕನ ಸಾಲದಲ್ಲಿಲ್ಲದವರು ನಾಯಕನ ಮಾತಿನಲ್ಲೂ ಇರುವುದಿಲ್ಲ. ವಲಸೆಯಿಂದಾದ ಒಳಿತುಗಳಲ್ಲಿ ಇದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ಮುಂದೆ

ತಮ್ಮನ ಹಿರಿಯ ಮಗಳು ಹುಟ್ಟಿದ್ದು ಪುಣೆಯಲ್ಲಿ. ನಾಲ್ಕನೆಯ ತರಗತಿಯವರೆಗೆ ಅಲ್ಲಿಯೇ ಮರಾಠಿ ಶಾಲೆಯಲ್ಲಿ ಓದಿ, ಈಗ ಅಜ್ಜಿಯ ಜೊತೆಗಿದ್ದು ಚಿಂಚೋಳಿಯಲ್ಲಿ ಓದುತ್ತಾಳೆ. ಸಂವಿಧಾನದ 2012ರ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯು ಈ ಭಾಗಕ್ಕೆ ಹುಟ್ಟಿನಿಂದ ಅಥವಾ ವಾಸದಿಂದ ಸೇರಿದವರಿಗೆ ಸೀಟು, ಉದ್ಯೋಗಗಳಲ್ಲಿ ಪಾಲು ಕೊಡುತ್ತದೆ. ಹುಟ್ಟಿನ ದಾಖಲೆ ಮಹಾರಾಷ್ಟ್ರದ್ದು, ವಾಸದ ದಾಖಲೆ ತುಂಡು ತುಂಡು. ತಂದೆಯ ದಾಖಲೆಗಳನ್ನು ಜೋಡಿಸಿ ಅರ್ಜಿ ಸಿದ್ಧಪಡಿಸುತ್ತಿದ್ದಾರೆ. ಅವಳಿಗೆ ಗೋರ್ ಬೋಲಿ, ಮರಾಠಿ, ಹಿಂದಿ, ಕನ್ನಡ ನಾಲ್ಕೂ ಸರಾಗ. ತರಗತಿಯಲ್ಲಿ ಅವಳಷ್ಟು ಭಾಷೆ ಬಲ್ಲವರು ಬೇರೊಬ್ಬರಿಲ್ಲ.

ತಮ್ಮ ಮುಂದಿನ ಪಂಚಾಯಿತಿ ಚುನಾವಣೆಗೆ ತಾವೇ ನಿಲ್ಲುವ ಮಾತಾಡುತ್ತಿದ್ದಾರೆ. ಊರಿನಲ್ಲಿರದವನು ಊರಿನ ಸದಸ್ಯನಾಗುವುದು ಹೇಗೆ ಎಂದು ಅಣ್ಣನ ಕಡೆಯವರು ಕೇಳುತ್ತಾರೆ. ತಾಂಡಾದ ಅರ್ಧ ಜನ ವರ್ಷದ ಅರ್ಧ ಊರಿನಲ್ಲಿರುವುದಿಲ್ಲ, ಅವರ ಪರವಾಗಿ ಯಾರು ಕೂರುತ್ತಾರೆ ಎಂಬುದು ಅವರ ಮರುಪ್ರಶ್ನೆ. ಅವರು ಮುಂದಿಡುವ ಬೇಡಿಕೆಗಳು ಮೂರು: ಗುಳೆ ಹೋದವರ ಹೆಸರು, ದೂರವಾಣಿ ಸಂಖ್ಯೆ, ಕೆಲಸದ ಸ್ಥಳ ಬರೆದಿಡುವ ಪುಸ್ತಕವನ್ನು ಪಂಚಾಯಿತಿ ಇಡಬೇಕು, ಅಳತೆ, ಸಮೀಕ್ಷೆ, ಮತದಾರರ ಪಟ್ಟಿಯ ಪರಿಷ್ಕರಣೆಯಂಥವು ಹೋಳಿಯ ಆಸುಪಾಸಿನಲ್ಲಿ, ಎಲ್ಲರೂ ಊರಿನಲ್ಲಿರುವಾಗ ನಡೆಯಬೇಕು, ಬಿಟ್ಟುಹೋದ ಮನೆಗಳ ಹಕ್ಕುಪತ್ರಕ್ಕೆ ಮತ್ತೊಮ್ಮೆ ಅರ್ಜಿ ಕರೆಯಬೇಕು. ಪಕ್ಕದ ಶೆಡ್ಡಿನ ಮಾದಿಗ ಕುಟುಂಬದವರಿಗೂ ಮೊದಲ ಎರಡು ಬೇಡಿಕೆಗಳು ಒಪ್ಪಿಗೆಯಾಗಿವೆ. ಅವರ ಮತ ಇದೇ ಪಂಚಾಯಿತಿಯ ಇನ್ನೊಂದು ವಾರ್ಡಿನಲ್ಲಿದೆ. ಇಬ್ಬರೂ ಒಂದೇ ಮನವಿಗೆ ಸಹಿ ಹಾಕುವ ಮಾತು ಪುಣೆಯಲ್ಲಿ ಆಗಿದೆ, ಚಿಂಚೋಳಿಯಲ್ಲಿ ಇನ್ನೂ ಆಗಿಲ್ಲ.